ಬಿಳಿಗೂ ನೂರಕ್ಕೂ ಒಂದೇ ಗೆರೆ ವ್ಯತ್ಯಾಸ: ಚೀನೀ ಅಕ್ಷರ ತಿದ್ದಿದ ನನ್ನ ಅನುಭವ

"ಮೊಬೈಲ್‌ನಲ್ಲಿ ಪಿನ್‌ಯಿನ್, ಅಂದ್ರೆ ಉಚ್ಚಾರಣೆಯನ್ನ ಇಂಗ್ಲಿಷ್ ಅಕ್ಷರದಲ್ಲಿ, ಒತ್ತಿದ್ರೆ ಚೀನೀ ಅಕ್ಷರ ತಾನಾಗೇ ಬರುತ್ತೆ. ಒಂದನೇ ಕ್ಲಾಸಿನ ಮಗು ಥರ ಯಾಕೆ ತಿದ್ತಾ ಕೂತಿದ್ದೀಯ?" ಚೀನಾದ ಸಗಟು ಮಾರುಕಟ್ಟೆಯ ಊರು ಯೀವುನಲ್ಲಿರುವ ನಮ್ಮ ಕಡೆಯ ಗೆಳೆಯರೆಲ್ಲ ಕೇಳಿದ್ದು ಇದನ್ನೇ. ಈಗ ಅಂಗಡಿಯವರ ಕೈಬರಹದ ಚೀಟಿ ಓದಿಸಿಕೊಳ್ಳಲು ಅವರೇ ನನ್ನ ಹತ್ತಿರ ಬರುತ್ತಾರೆ.

ಶುರುವಾಗಿದ್ದು ಒಂದು ನಷ್ಟದಿಂದ. ಜಿಪ್ ಅಂಗಡಿಯಾಕೆ ಚೀಟಿ ಬರೆದುಕೊಟ್ಟರು: ಕಪ್ಪು 3, ಬಿಳಿ 2. ಚೀಲದ ಲೆಕ್ಕ ಅದು. ಬಿಳಿಗೂ 'ಬಾಯ್', ನೂರಕ್ಕೂ 'ಬಾಯ್', ಸ್ವರದ ಏರಿಳಿತ ಮಾತ್ರ ಬೇರೆ. ಬರಹದಲ್ಲಿ ನೂರಕ್ಕೆ ತಲೆಯ ಮೇಲೆ ಒಂದು ಅಡ್ಡಗೆರೆ ಜಾಸ್ತಿ, ಅಷ್ಟೆ. 3ರ ಬಾಲ ಎಳೆದುಕೊಂಡು ಬಂದಿತ್ತು. ಅದನ್ನೇ ಅಡ್ಡಗೆರೆ ಅಂದುಕೊಂಡೆ, ಬಿಳಿ ನೂರಾಗಿ '3 ನೂರು 2' ಅಂತ ಓದಿದೆ. ಅಲ್ಲಿ ಆಡುಮಾತಿನಲ್ಲಿ 'ಮುನ್ನೂರು ಎರಡು' ಅಂದರೆ 320 ಅಲ್ವಾ? ಕಪ್ಪು 320 ಅಂತ ಬರೆದುಕೊಂಡೆ. ಬಿಳಿ ಚೀಲ ಎರಡೂ ಅಂಗಡಿಯಲ್ಲೇ ಉಳಿದವು, ಕಂಟೇನರ್ ಹೊರಟುಹೋಯಿತು. ಆಮೇಲೆ ವಿಮಾನದಲ್ಲಿ ಕಳಿಸಲು ಸುಮಾರು 1,800 ಯುವಾನ್ ಹೋಯಿತು.

ಮೊದಲು ಪಾಠಕ್ಕೆ ಹೋದೆ. ಗಂಟೆಗೆ 150 ಯುವಾನ್, ಹತ್ತು ಪಾಠ. ಅಕ್ಷರದ ಆಕಾರ ತಿದ್ದಿದರು, ಯಾವ ಗೆರೆ ಮೊದಲು, ಯಾವುದು ಆಮೇಲೆ ಅನ್ನುವ ಗೆರೆಯ ಕ್ರಮ ಯಾರೂ ನೋಡಲಿಲ್ಲ. ಆಮೇಲೆ ಒಂದು ಆ್ಯಪ್. ಆರು ವಾರ ಕಳೆದ ಮೇಲೆ ಗೊತ್ತಾಯಿತು, ಅದರಲ್ಲಿದ್ದದ್ದು ಜಪಾನಿನ ಕ್ರಮ! ರಾಜ ಅನ್ನುವ 'ವಾಂಗ್' ತಗೊಳ್ಳಿ. ಚೀನಾದಲ್ಲಿ ಎರಡು ಅಡ್ಡ, ಆಮೇಲೆ ಉದ್ದ, ಕೊನೆಗೆ ಕೆಳಗಿನ ಅಡ್ಡ. ಜಪಾನಿನಲ್ಲಿ ಒಂದು ಅಡ್ಡ ಆದ ತಕ್ಷಣ ಉದ್ದ. ಕೈಗೆ ಹತ್ತಿದ್ದನ್ನು ಬಿಡಿಸಲು ಇನ್ನೊಂದು ತಿಂಗಳು. ಮೂರನೆಯದು ಅಕ್ಷರದ ಆಕಾರಕ್ಕೆ ಹಳ್ಳ ಕೊರೆದ ಕಾಪಿ ಪುಸ್ತಕ, ಸುಮಾರು 40 ಯುವಾನ್. ಬರೆದ ಇಂಕು ಸ್ವಲ್ಪ ಹೊತ್ತಿಗೆ ಮಾಯ. ಅಕ್ಷರ ಮುದ್ದಾಯಿತು, ನಿಜ. ಆದರೆ ಕೆಳಗಿನಿಂದ ಶುರು ಮಾಡಿದರೂ ಹಳ್ಳ ಬೇಡ ಅನ್ನುವುದಿಲ್ಲ. ನಮ್ಮದು ಕನ್ನಡದ ಕೈ, ಒಂದೇ ಸುತ್ತಿಗೆ ಸುತ್ತಿಬಿಡುತ್ತದೆ. ಬಾಯಿ ಅನ್ನುವ ಅರ್ಥದ ಚೌಕದ ಅಕ್ಷರವನ್ನೂ ಸೊನ್ನೆ ಹಾಗೆ ಸುತ್ತುತ್ತಿದ್ದೆ. ಅದಕ್ಕೆ ಮೂರು ಗೆರೆ, ತಳ ಮುಚ್ಚುವುದು ಕೊನೆಗೆ.

ಕೆಲಸಕ್ಕೆ ಬಂದದ್ದು ಬಿಟ್ಟಿಯದು: ಫೋನಿನಲ್ಲೇ ಇರುವ ಗೆರೆ ಕೀಬೋರ್ಡ್. ಅಡ್ಡ, ಉದ್ದ, ಎಡಕ್ಕೆ ಇಳಿಯುವ ಓರೆ, ಚುಕ್ಕಿ, ಮಡಿಕೆ, ಐದೇ ಕೀ. ಕ್ರಮ ತಪ್ಪಿದರೆ ಬೇಕಾದ ಅಕ್ಷರ ಬರುವುದಿಲ್ಲ. ಬಿಳಿಗೆ ಮೊದಲ ಕೀ ಓರೆ, ನೂರಕ್ಕೆ ಅಡ್ಡ. 1,800 ಯುವಾನ್‌ನ ಗುಟ್ಟು ಮೊದಲ ಕೀಯಲ್ಲೇ ಇತ್ತು! ರಾತ್ರಿ 20 ಅಕ್ಷರ ಚೌಕದ ಹಾಳೆಯಲ್ಲಿ ತಿದ್ದುವುದು, ಬೆಳಿಗ್ಗೆ ಹಾಳೆ ನೋಡದೆ ಕೀಬೋರ್ಡಿನಲ್ಲಿ ಒತ್ತುವುದು. ಬೆಂಕಿಗೆ ಪಕ್ಕದ ಎರಡು ಕಿಡಿ ಮೊದಲು ಅನ್ನುವಂಥವು ಹೀಗೇ ಕೂತವು. ಎಂಟು ತಿಂಗಳು, ಮೂರು ಯುವಾನ್‌ನ ಪುಸ್ತಕ ಒಂದು ಮೂವತ್ತು, ಹತ್ತಿರ ಹತ್ತಿರ 900 ಅಕ್ಷರ. ಯಾವ ಅಕ್ಷರದ ಜೊತೆ ಯಾವುದನ್ನು ಕೂಡಿಸಿ ಕಲಿತೆ ಅನ್ನುವುದನ್ನು ಮಾತ್ರ ಹೇಳಲ್ಲ, ಅದು ನನ್ನ ಸಂಪಾದನೆ.

ನಡುವೆ ಇನ್ನೊಂದು ಹುಚ್ಚು. ಪಾರ್ಕಿನಲ್ಲಿ ಹಿರಿಯರು ಉದ್ದ ಕೋಲಿನ ಸ್ಪಂಜಿನ ಕುಂಚವನ್ನು ನೀರಲ್ಲಿ ಅದ್ದಿ ನೆಲದ ಮೇಲೆ ಬರೆಯುತ್ತಾರಲ್ಲ, ನೋಡಿ ಆಸೆಯಾಯಿತು. ನೀರಲ್ಲಿ ಬರೆಯುವ ಬಟ್ಟೆ ತಂದೆ, 25 ಯುವಾನ್ ಇರಬೇಕು. ಕುಂಚ ಎಲ್ಲಿ ಏಳುತ್ತೆ, ಎಲ್ಲಿಗೆ ಹಾರುತ್ತೆ ಅನ್ನುವುದು ಒದ್ದೆಯಲ್ಲಿ ಚೆನ್ನಾಗಿ ಕಾಣುತ್ತೆ. ಅಕ್ಷರದ ಎಡಕ್ಕೆ ನೀರು ಅನ್ನುವ ಅರ್ಥಕ್ಕೆ ಹಾಕುವ ಮೂರು ಚುಕ್ಕಿಯಲ್ಲಿ ಮೂರನೆಯದು ಮೇಲಕ್ಕೆ ಚಿಮ್ಮಿ ಪಕ್ಕದ ಭಾಗಕ್ಕೆ ಹೋಗುತ್ತದೆ. ಅವಸರದಲ್ಲಿ ಮೂರೂ ಸೇರಿ ಒಂದೇ ಎಳೆ ಆಗುತ್ತದೆ. ಅಂಗಡಿ ಚೀಟಿಗಳಲ್ಲಿ ಹುಳದ ಹಾಗೆ ಕಾಣುತ್ತಿದ್ದದ್ದು ಇದೇ! ಪೆನ್ನು ಹೋದ ದಾರಿ ಗೊತ್ತಿದ್ದರೆ ಕೂಡಿಸಿ ಬರೆದದ್ದೂ ಬಿಡಿಬಿಡಿಯಾಗಿ ಕಾಣುತ್ತೆ.

ಹೋದ ವಾರ ಅದೇ ಜಿಪ್ ಅಂಗಡಿ. ಆಕೆ ಬರೆಯುತ್ತಿದ್ದ ಹಾಗೇ ನಾನು ತಲೆಕೆಳಗಾಗಿ ಓದುತ್ತಾ ಹೋದೆ, ಕಪ್ಪು 4, ಬಿಳಿ 6, ಬೂದು 1. ಮೊದಲೆಲ್ಲ ನನಗೆ ಕ್ಯಾಲ್ಕುಲೇಟರ್ ಒತ್ತಿ ತೋರಿಸುತ್ತಿದ್ದರು. ಈಗ ಅದು ಡ್ರಾಯರ್‌ನಿಂದ ಹೊರಗೇ ಬರುವುದಿಲ್ಲ.