ವಿಜ್ಞಾನ ಪ್ರಾಜೆಕ್ಟ್: ಥರ್ಮಾಕೋಲ್ ಬದಿಗಿಡಿ, ಬಾವಿಗೆ ಕೊಡಪಾನ ಇಳಿಸಿ

ಶಾಲೆಯಲ್ಲಿ ಪ್ರಾಜೆಕ್ಟ್ ಅಂದ ಕೂಡಲೇ ಮಕ್ಕಳು ಓಡುವುದು ಸ್ಟೇಷನರಿ ಅಂಗಡಿಗೆ. ಥರ್ಮಾಕೋಲ್, ಫೆವಿಕಾಲ್, ಬಣ್ಣದ ಕಾಗದ ಬರುತ್ತವೆ. ಎರಡು ದಿನ ಅಪ್ಪ-ಅಮ್ಮನೂ ಕತ್ತರಿ ಹಿಡಿದು ಕೂರುತ್ತಾರೆ, ಜ್ವಾಲಾಮುಖಿ ರೆಡಿ! ನೋಡಲು ಚೆಂದವೇ, ಬೇಡ ಅನ್ನುವುದಿಲ್ಲ. ಆದರೆ ಅದರಲ್ಲಿ ಹುಡುಕುವುದೇನೂ ಇಲ್ಲ, ಉತ್ತರ ಪುಸ್ತಕದಲ್ಲೇ ಇದೆ. ನಿಮ್ಮೂರಿನಲ್ಲಿ ಯಾರೂ ಅಳೆದು ನೋಡದ ಒಂದು ಸಣ್ಣ ವಿಷಯ ಸಿಕ್ಕಿದರೆ ಸಂಶೋಧನೆಗೆ ಅಷ್ಟು ಸಾಕು. ನಮ್ಮ ಕರಾವಳಿಯಲ್ಲಿ ಅಂಥ ವಿಷಯಗಳಿಗೆ ಬರವಿಲ್ಲ.

ಮೊದಲು ಪ್ರಶ್ನೆ ಸಣ್ಣದು ಮಾಡಿ

‘ಕಾಳಿ ನದಿಯ ಮಾಲಿನ್ಯ’ ಅಂತ ವಿಷಯ ಇಟ್ಟುಕೊಂಡರೆ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು ಬರೆಯುವುದೇ ಗತಿ. ಅದರ ಬದಲು ಮನೆಯ ಮಾತಿಗೆ ಕಿವಿ ಕೊಡಿ. ಕಾಳಿ, ಅಘನಾಶಿನಿ ದಂಡೆಯ ಊರುಗಳಲ್ಲಿ ಬೇಸಿಗೆ ಬಂತೆಂದರೆ ‘ಬಾವಿ ನೀರು ಸವಳಾಯ್ತು’ ಅನ್ನುತ್ತಾರೆ, ಅಲ್ವಾ? ಅದನ್ನೇ ಪ್ರಶ್ನೆಯಾಗಿಸಿ: ‘ಬೇಸಿಗೆಯಲ್ಲಿ ನಮ್ಮೂರ ಹೊಳೆಯಿಂದ ಎಷ್ಟು ದೂರದ ಬಾವಿಯವರೆಗೆ ಉಪ್ಪು ಏರುತ್ತದೆ?’ ಯಾವ ಊರು, ಯಾವ ಕಾಲ, ಏನನ್ನು ಅಳೆಯಬೇಕು, ಮೂರೂ ಇದರಲ್ಲೇ ಬಂತು.

ಪ್ರಶ್ನೆ ಹದವಾಗಿದೆಯೇ ಅಂತ ನೋಡಲು ಒಂದು ಉಪಾಯವಿದೆ. ಕೆಲಸ ಶುರು ಮಾಡುವ ಮೊದಲೇ ಖಾಲಿ ಗ್ರಾಫ್ ಬರೆಯಿರಿ. ಅಡ್ಡಗೆರೆಗೆ ಹೊಳೆಯಿಂದ ಬಾವಿಗಿರುವ ದೂರ, ಉದ್ದಗೆರೆಗೆ ಉಪ್ಪಿನ ಅಳತೆ. ಗೆರೆಗಳಿಗೆ ಹೆಸರು ಬರೆಯಲು ತಡಕಾಡಿದರೆ ಪ್ರಶ್ನೆ ಇನ್ನೂ ಹದಕ್ಕೆ ಬಂದಿಲ್ಲ. ಪಕ್ಕದಲ್ಲೇ ನಿಮ್ಮ ಊಹೆಯನ್ನೂ, ಯಾವ ಅಳತೆ ಬಂದರೆ ಆ ಊಹೆ ತಪ್ಪು ಅಂತ ಒಪ್ಪುತ್ತೀರಿ ಅನ್ನುವುದನ್ನೂ ಬರೆದು ತಾರೀಕು ಹಾಕಿ. ಆಮೇಲೆ ಬರೆದರೆ ಊಹೆ ತಾನಾಗಿ ಉತ್ತರದ ಕಡೆ ವಾಲುತ್ತದೆ.

ಯಾಕೆ ಹೀಗಾಗುತ್ತದೆ, ಸ್ವಲ್ಪ ಓದಿ

ಮಳೆಗಾಲದಲ್ಲಿ ತುಂಬಿ ಹರಿಯುವ ಹೊಳೆ ಸಮುದ್ರದ ನೀರನ್ನು ಅಳಿವೆಯ ಕಡೆಗೆ ತಳ್ಳುತ್ತದೆ. ಮಳೆ ನಿಂತು ಹರಿವು ಇಳಿದರೆ ಭರತದ ಜೊತೆ ಉಪ್ಪುನೀರು ಒಳಗೆ ಬರುತ್ತದೆ. ನೆಲದೊಳಗೆ ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ನಿಂತಿರುತ್ತದೆ. ಪಂಪ್ ಹಾಕಿ ಜಾಸ್ತಿ ಎಳೆದರೆ ಕೆಳಗಿನ ಉಪ್ಪುನೀರು ಮೇಲಕ್ಕೆ ಬರುತ್ತದೆ. ಅಂದರೆ ಹೊಳೆಯಿಂದ ದೂರ ಎಷ್ಟು ಅನ್ನುವುದೊಂದೇ ಕಾರಣವಲ್ಲ. ಬಾವಿಯ ಆಳ, ಪಂಪ್, ಕೊನೆಯ ಮಳೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಾಳಿಯಲ್ಲಾದರೆ ಮೇಲೆ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೋ ಇಲ್ಲವೋ ಅನ್ನುವುದೂ ಸೇರುತ್ತದೆ.

ಒಂದು ದಿನ ಸುಮ್ನೆ ಅಳೆದು ನೋಡಿ

ಯೋಜನೆ ಬರೆಯುವ ಮೊದಲೇ ಇದಾಗಬೇಕು. ಬೇಕಾದದ್ದು ಒಂದು ಟಿಡಿಎಸ್ ಪೆನ್ನು. ಆರ್‌ಒ ಫಿಲ್ಟರ್ ರಿಪೇರಿಯವರ ಕೈಯಲ್ಲಿ ನೋಡಿರುತ್ತೀರಿ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅನ್ನುವುದನ್ನು ಇದು ವಿದ್ಯುತ್ ಹರಿಯುವುದರ ಮೇಲೆ ಅಂದಾಜು ಮಾಡಿ ಪಿಪಿಎಂನಲ್ಲಿ, ಅಂದರೆ ಹೆಚ್ಚುಕಮ್ಮಿ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ, ತೋರಿಸುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 2000ದವರೆಗೆ. ಸಮುದ್ರದ ನೀರಿನಲ್ಲಿ ಅದು ಸುಮಾರು 35,000. ಸಾಮಾನ್ಯ ಪೆನ್ನು 9999ಕ್ಕೇ ನಿಲ್ಲುತ್ತದೆ. ಹಾಗಾಗಿ ಹೊಳೆಯ ನೀರನ್ನು ಅಳೆಯುವಾಗ ಒಂದು ಪಾಲಿಗೆ ಒಂಬತ್ತು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ. ಅಂದಾಜಿಗೆ ಅದು ಸಾಕು.

ಪೆನ್ನನ್ನು ಪೂರ್ತಿ ನಂಬಬೇಡಿ. ಶಾಲೆಯ ತಕ್ಕಡಿಯಲ್ಲಿ 1 ಗ್ರಾಂ ಉಪ್ಪು ತೂಗಿ, 1 ಲೀಟರ್ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ ಮುಚ್ಚಳ ಬಿಗಿ ಮಾಡಿ ಇಡಿ. ಪ್ರತಿ ಸಲ ಹೊರಡುವ ಮುಂಚೆ ಅದನ್ನೇ ಅಳೆಯಿರಿ. ಅಂಕಿ ಬದಲಾಗುತ್ತಿದ್ದರೆ ಬದಲಾದದ್ದು ಪೆನ್ನು, ಬಾವಿಯಲ್ಲ.

ಈ ಒಂದು ದಿನದಲ್ಲೇ ಎಷ್ಟೋ ತೊಡಕುಗಳು ಕಾಣುತ್ತವೆ. ಒಂದು ಬಾವಿಗೆ ಗ್ರಿಲ್ ಹಾಕಿ ಬೀಗ ಹಾಕಿರುತ್ತಾರೆ. ಇನ್ನೊಂದರಲ್ಲಿ ಹಗ್ಗ ತಳ ಮುಟ್ಟುವುದಿಲ್ಲ. ಮೂರನೆಯ ಮನೆಯ ಅಜ್ಜಿ ‘ಪರೀಕ್ಷೆ ಯಾಕೆ ಮಗಾ, ನೀರು ಬಂದ್ ಮಾಡ್ತಾರಾ?’ ಅಂತ ಕೇಳಬಹುದು. ವಿಷಯ ಬಿಡಿಸಿ ಹೇಳಿ, ಕೇಳಿಯೇ ಕೊಡಪಾನ ಇಳಿಸಿ. ವರದಿಯಲ್ಲಿ ಮನೆಯವರ ಹೆಸರು ಬೇಡ, ಬಾವಿಗೊಂದು ನಂಬರ್ ಕೊಟ್ಟರಾಯಿತು.

ಆರು ಬಾವಿ ಸಾಕು: ಹೊಳೆದಂಡೆಯಲ್ಲಿ ಎರಡು, ನಡುವೆ ಎರಡು, ಉಪ್ಪು ಬರುವ ಸಾಧ್ಯತೆಯೇ ಇಲ್ಲದ ಗುಡ್ಡದ ಕಡೆ ಎರಡು. ಗುಡ್ಡದ ಬಾವಿಗಳನ್ನು ಬಿಡಲೇಬೇಡಿ. ಅಲ್ಲೂ ಅಂಕಿ ಏರಿದರೆ ಕಾರಣ ಹೊಳೆಯಲ್ಲ ಅಂತ ಗೊತ್ತಾಗುವುದು ಅವುಗಳಿಂದಲೇ.

ಭಾನುವಾರದ ಬಲೆ

ರಜೆ ಭಾನುವಾರ. ಹಾಗಾಗಿ ಎಲ್ಲರೂ ‘ಪ್ರತಿ ಭಾನುವಾರ ಬೆಳಿಗ್ಗೆ 8ಕ್ಕೆ’ ಅಂತ ಬರೆಯುತ್ತಾರೆ. ಇಲ್ಲೇ ಎಡವುವುದು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಏಳು ದಿನಕ್ಕೆ ಹತ್ತಿರ ಹತ್ತಿರ 6 ಗಂಟೆ. ಭರತಕ್ಕೂ ಇಳಿತಕ್ಕೂ ನಡುವಿನ ಅಂತರವೂ ಅಷ್ಟೇ! ಈ ಭಾನುವಾರ 8ಕ್ಕೆ ತುಂಬು ಭರತ ಇದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಇಳಿತ. ದಂಡೆಯ ಬಾವಿಯಲ್ಲಿ ಅಂಕಿ ಒಂದು ವಾರ ಮೇಲೆ, ಒಂದು ವಾರ ಕೆಳಗೆ ಕುಣಿದರೆ ಅದು ಬೇಸಿಗೆಯ ಪರಿಣಾಮವೋ ಭರತದ್ದೋ ಹೇಳಲಾಗುವುದಿಲ್ಲ. ವಾರ ಬಿಟ್ಟು ವಾರ ಹೋಗಿ, ಆಗ ಅದೇ ಹೊತ್ತಿಗೆ ಹೆಚ್ಚುಕಮ್ಮಿ ಅದೇ ಸ್ಥಿತಿ ಸಿಗುತ್ತದೆ. ಭರತದ ಸಮಯ ಮೊಬೈಲಿನಲ್ಲಿದೆ. ಹೊಳೆಯಲ್ಲಿ ಒಳಗೆ ಹೋದಷ್ಟೂ ಅದು ತಡ, ನಿಮ್ಮೂರಿನ ಲೆಕ್ಕವನ್ನು ದೋಣಿಯವರನ್ನು ಕೇಳಿ ತಿಳಿದುಕೊಳ್ಳಿ. ದಂಡೆಗೆ ಹೋಗುವಾಗ ದೊಡ್ಡವರೊಬ್ಬರು ಜೊತೆಗಿರಲಿ.

ಇದು ನವೆಂಬರಿನಲ್ಲಿ ಶುರುವಾಗಿ ಮೇವರೆಗೆ ನಡೆಯುವ ಕೆಲಸ. ಫೆಬ್ರವರಿಯಲ್ಲಿ ನೆನಪಾದರೆ ತಡವಾಯಿತು.

ಪಟ್ಟಿ ಪುಸ್ತಕ

ಪೆನ್ಸಿಲ್ಲಿನಲ್ಲಿ ಬರೆಯಿರಿ, ಒದ್ದೆ ಕೈ ತಾಗಿದರೂ ಕಲಸುವುದಿಲ್ಲ. ತಾರೀಕು, ಗಂಟೆ, ಭರತದ ಸಮಯ, ಬಾವಿ ನಂಬರ್, ಪಂಪ್ ಓಡಿತ್ತೇ, ಕೊನೆಯ ಮಳೆ ಯಾವಾಗ. ಪ್ರತಿ ಬಾವಿಯಲ್ಲೂ ಮೂರು ಸಲ ಅಳೆದು ಮೂರನ್ನೂ ಬರೆಯಿರಿ. ತಪ್ಪಾದರೆ ರಬ್ಬರ್ ಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ. ಅಂಕಿ ವಿಚಿತ್ರ ಕಂಡಿತೆಂದು ಬಿಟ್ಟುಬಿಡುವ ಚಾಳಿ ಮೊದಲೇ ಹೋಗಲಿ.

ಶಿರಸಿಯವರಿಗೆ

ಘಟ್ಟದ ಮೇಲೆ ಸವಳು ಎಲ್ಲಿಂದ ಬರಬೇಕು? ಅಲ್ಲಿನವರಿಗೆ ತೋಟವಿದೆ. ಬೆಟ್ಟದ ಸೊಪ್ಪು ಹೊದಿಸಿದ ಅಡಿಕೆ ಮರದ ಬುಡದಲ್ಲಿ ಮಣ್ಣಿನ ತೇವ ಎಷ್ಟು ದಿನ ಉಳಿಯುತ್ತದೆ, ಹೊದಿಸದ ಕಡೆ ಎಷ್ಟು ದಿನ? ಎರಡೂ ಕಡೆಯಿಂದ ಒಂದೇ ಆಳದ 100 ಗ್ರಾಂ ಮಣ್ಣು ತಂದು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. ಕಮ್ಮಿಯಾದಷ್ಟು ನೀರು. ಕಾಡಿನೊಳಗೆ ಹೋಗಿ ಗಿಡ, ಕಪ್ಪೆ ತರುವ ಯೋಚನೆ ಇದ್ದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಯಾರನ್ನು ಕೇಳುವುದು?

ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ, ಶಿರಸಿಯಲ್ಲಿ ಅರಣ್ಯ ಕಾಲೇಜಿದೆ. ಬರಿಗೈಯಲ್ಲಿ ಹೋಗಿ ‘ಸರ್, ಒಂದು ಪ್ರಾಜೆಕ್ಟ್ ಹೇಳಿ’ ಅನ್ನಬೇಡಿ. ಆ ಒಂದು ದಿನದ ಅಳತೆ, ಖಾಲಿ ಗ್ರಾಫ್, ಒಂದು ಪುಟದ ಯೋಜನೆ ಹಿಡಿದುಹೋಗಿ, ‘ಇದರಲ್ಲಿ ಏನು ತಪ್ಪಿದೆ?’ ಅಂತ ಕೇಳಿ. ಪೆನ್ನು ಹಿಡಿದು ತಿದ್ದಲು ಅವರಿಗೂ ಏನಾದರೂ ಬೇಕಲ್ಲ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆಯುತ್ತಿದೆ, 10ರಿಂದ 17 ವರ್ಷದವರಿಗೆ. ಊರಿನ ಸಮಸ್ಯೆ ಹಿಡಿದ ಇಂಥ ಕೆಲಸಕ್ಕೇ ಅದು ಇರುವುದು.

ಮುಗಿದ ಮೇಲೆ ಪ್ರತಿ ಬಾವಿಯ ಮನೆಗೂ ಅವರ ಅಂಕಿಗಳ ಒಂದು ಚೀಟಿ ಕೊಡಿ. ಅದರಲ್ಲಿ ‘ನೀರು ಚೆನ್ನಾಗಿದೆ’ ಅಂತ ಮಾತ್ರ ಬರೆಯಬೇಡಿ. ಟಿಡಿಎಸ್ ಪೆನ್ನಿಗೆ ಲವಣ ಕಾಣುತ್ತದೆ, ರೋಗಾಣು ಕಾಣುವುದಿಲ್ಲ.