ಎಲೆವಾನ್, ಫ್ಲ್ಯಾಪ್, ರಡರ್: ರೇಡಿಯೊದಲ್ಲಿ ಮಿಕ್ಸ್ ಕೂರಿಸುವ ಲೆಕ್ಕ

ರೇಡಿಯೊದಿಂದ ಹಾರಿಸುವ ಮಾದರಿ ವಿಮಾನದಲ್ಲಿ ರೆಕ್ಕೆ, ಬಾಲಗಳ ಅಲುಗುವ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟರೇ ಸರ್ವೊ. ಪ್ರತಿ ಸರ್ವೊಗೂ ಒಂದೊಂದು ಚಾನೆಲ್. ಯಾವ ಸ್ಟಿಕ್, ಸ್ವಿಚ್ ಯಾವ ಚಾನೆಲ್ಲನ್ನು ಎಷ್ಟು ಅಲುಗಿಸಬೇಕು ಎಂದು ಬೆರೆಸುವುದೇ ಮಿಕ್ಸ್. ಅದಕ್ಕೆ ಕೈಹಾಕುವ ಮೊದಲು ಪ್ರೊಪೆಲರ್ ಬಿಚ್ಚಿ ಪಕ್ಕಕ್ಕಿಡಿ. ಮಿಕ್ಸ್ ಹಾಕುವಾಗ ಚಾನೆಲ್ ನಂಬರ್ ಒಂದು ತಪ್ಪಿದರೂ ಮೇಜಿನ ಮೇಲೇ ಮೋಟರ್ ತಿರುಗಿಬಿಡುತ್ತದೆ.

ನನ್ನ ರೇಡಿಯೊದಲ್ಲಿರುವುದು ಎಡ್ಜ್‌ಟಿಎಕ್ಸ್ ಎಂಬ ತಂತ್ರಾಂಶ. ಅದರಲ್ಲಿ ಸ್ಟಿಕ್ಕಿನ ಸಿಗ್ನಲ್ ಮೂರು ಪುಟ ದಾಟಿ ಸರ್ವೊಗೆ ಹೋಗುತ್ತದೆ. ರೇಟ್ (ಸ್ಟಿಕ್ಕಿಗೆ ಎಷ್ಟು ಚಲನೆ), ಎಕ್ಸ್‌ಪೊ (ಸ್ಟಿಕ್ ನಡುವಿನಲ್ಲಿ ಎಷ್ಟು ಮೆದು) ಇರುವುದು ಇನ್‌ಪುಟ್ಸ್‌ನಲ್ಲಿ. ಯಾವ ಸ್ಟಿಕ್ ಯಾವ ಚಾನೆಲ್ಲಿಗೆ ಎಷ್ಟು ಎಂಬುದು ಮಿಕ್ಸಸ್‌ನಲ್ಲಿ. ಸರ್ವೊದ ದಿಕ್ಕು, ಸಬ್‌ಟ್ರಿಮ್ (ನಡುಬಿಂದುವಿನ ತಿದ್ದುಪಡಿ), ಮಿತಿಗಳು ಔಟ್‌ಪುಟ್ಸ್‌ನಲ್ಲಿ. ಸರ್ವೊ ಉಲ್ಟಾ ಓಡಿದರೆ ಹಲವರು ಮಿಕ್ಸಿನಲ್ಲೇ ಮೈನಸ್ ಹಾಕಿ ಸರಿಮಾಡುತ್ತಾರೆ. ಅಲ್ಲಿಂದಲೇ ಗಂಟು ಶುರು. ಆಮೇಲೆ ಫ್ಲ್ಯಾಪ್‌ಗೆ (ನಿಧಾನವಾಗಿ ಇಳಿಯಲು ರೆಕ್ಕೆಯಲ್ಲಿ ಕೆಳಗೆ ಬಾಗುವ ಪಟ್ಟಿ), ರಡರ್‌ಗೆ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಇನ್ನೊಂದು ಸಾಲು ಸೇರಿಸಿದಾಗ ಪ್ಲಸ್ ಎಂದರೆ ಮೇಲೋ ಕೆಳಗೋ ತಿಳಿಯುವುದೇ ಇಲ್ಲ. ನನ್ನ ಕಟ್ಟಳೆ ಒಂದೇ: ಮಿಕ್ಸಿನಲ್ಲಿ ಪ್ಲಸ್ ಎಂದರೆ ಪಟ್ಟಿ ಕೆಳಗೆ, ಮೈನಸ್ ಎಂದರೆ ಮೇಲೆ. ಸರ್ವೊ ಒಪ್ಪದಿದ್ದರೆ ಔಟ್‌ಪುಟ್ಸ್‌ನಲ್ಲಿ ರಿವರ್ಸ್.

ಸನ್‌ಪ್ಯಾಕ್ ಪ್ಲಾಸ್ಟಿಕ್ ಶೀಟಿನ, ಬಾಲವಿಲ್ಲದ ಫ್ಲೈಯಿಂಗ್ ವಿಂಗ್ ತೆಗೆದುಕೊಳ್ಳಿ. ಮೂತಿ ಎತ್ತಿಳಿಸುವ ಎಲಿವೇಟರ್, ಪಕ್ಕಕ್ಕೆ ವಾಲಿಸುವ ಏಲೆರಾನ್ ಎರಡರ ಕೆಲಸವನ್ನೂ ಮಾಡುವ ಪಟ್ಟಿಯೇ ಎಲೆವಾನ್. ಎಡ ಎಲೆವಾನ್ ಚಾನೆಲ್ 1, ಬಲದ್ದು ಚಾನೆಲ್ 2. ಎರಡಕ್ಕೂ ಬರೀ ಎಲಿವೇಟರ್ ಸಾಲು ಹಾಕಿ ಸ್ಟಿಕ್ ಮುಂದೆ ತಳ್ಳಿ. ಎರಡೂ ಕೆಳಗೆ ಹೋಗಬೇಕು. ಸರ್ವೊಗಳು ಎದುರುಬದುರಾಗಿ ಕೂತಿರುವುದರಿಂದ ಸಾಮಾನ್ಯವಾಗಿ ಒಂದು ಮೇಲೆ ಹೋಗುತ್ತದೆ. ಅದನ್ನು ರಿವರ್ಸ್ ಮಾಡಿ, ಆಮೇಲಷ್ಟೇ ಏಲೆರಾನ್ ಸಾಲು ಸೇರಿಸಿ. ನಾನು ಹಾಕುವುದು ಚಾನೆಲ್ 1ಕ್ಕೆ ಎಲಿವೇಟರ್ +40, ಏಲೆರಾನ್ +60. ಚಾನೆಲ್ 2ಕ್ಕೆ ಎಲಿವೇಟರ್ +40, ಏಲೆರಾನ್ −60.

40 ಮತ್ತು 60 ಏಕೆ? ಎರಡೂ ಸೇರಿ 100 ದಾಟಬಾರದು. ಎಲಿವೇಟರ್ 60, ಏಲೆರಾನ್ 70 ಎಂದಿಟ್ಟು ಸ್ಟಿಕ್ಕನ್ನು ಮೂಲೆಗೆ ಒತ್ತಿದರೆ ಒಂದು ಕಡೆ 130 ಆಗಬೇಕು, ಆದರೆ ಅದು 100ಕ್ಕೇ ನಿಲ್ಲುತ್ತದೆ. ಇನ್ನೊಂದು ಕಡೆ −10. ಎರಡರ ಅಂತರ 140 ಇರಬೇಕಾದ್ದು 110ಕ್ಕೆ ಇಳಿಯಿತು, ಎಲಿವೇಟರ್ ಪಾಲು 60ರಿಂದ 45ಕ್ಕೆ. ಸ್ಟಿಕ್ ಪೂರಾ ಎಳೆದು ತಿರುಗಿಸುವಾಗ ವಿಮಾನ ಮಾತು ಕೇಳದ ಹಾಗೆ ಅನಿಸುವುದು ಇದರಿಂದಲೇ. 40/60ರಲ್ಲಿ ಚಲನೆ ಸಾಲದಿದ್ದರೆ ಅಂಕಿ ಏರಿಸಬೇಡಿ. ಪುಶ್‌ರಾಡನ್ನು (ಸರ್ವೊವನ್ನು ಪಟ್ಟಿಗೆ ಜೋಡಿಸುವ ಕಡ್ಡಿ) ಸರ್ವೊ ತೋಳಿನ ಹೊರತೂತಿಗೆ ಹಾಕಿ, ಇಲ್ಲವೇ ಹಾರ್ನಿನಲ್ಲಿ (ಪಟ್ಟಿಗೆ ಅಂಟಿಸಿದ ತೂತುಗಳ ತುಂಡು) ಪಟ್ಟಿಗೆ ಹತ್ತಿರದ ತೂತಿಗೆ ಇಳಿಸಿ. ಅತಿಯಾದರೆ ಇದರ ಉಲ್ಟಾ.

ವಿಂಗ್‌ಗೆ ಬೇಕಾದ 1.5–2 ಮಿ.ಮೀ. ರಿಫ್ಲೆಕ್ಸನ್ನೂ, ಅಂದರೆ ಎರಡೂ ಎಲೆವಾನ್ ಕೊಂಚ ಮೇಲೆದ್ದಿರುವುದನ್ನೂ, ಪುಶ್‌ರಾಡಿನ ತುದಿಯ ಕ್ಲೆವಿಸ್ ಕೊಂಡಿ ತಿರುಗಿಸಿಯೇ ತರಬೇಕು. ಟ್ರಿಮ್ಮನ್ನು (ಸ್ಟಿಕ್ಕಿನ ಪಕ್ಕದ, ನಡುಸ್ಥಾನ ಕೊಂಚ ಸರಿಸುವ ಗುಂಡಿ) ಅದಕ್ಕೇ ಖರ್ಚು ಮಾಡಿದರೆ ಹಾರಿಸುವಾಗ ಬಳಸಲು ಉಳಿಯುವುದಿಲ್ಲ. ಕೊನೆಗೆ ವಿಮಾನದ ಹಿಂದೆ ನಿಂತು ಪರೀಕ್ಷೆ: ಹೆಬ್ಬೆರಳು ನೆಟ್ಟಗಿಟ್ಟು ಸ್ಟಿಕ್ ಬಲಕ್ಕೆ ತಳ್ಳಿದರೆ, ಹೆಬ್ಬೆರಳು ವಾಲಿದ ಕಡೆಯ ಪಟ್ಟಿ ಮೇಲೇಳಬೇಕು.

ಫ್ಲೈಸ್ಕೈ ಎಫ್‌ಎಸ್-ಐ6 ರೇಡಿಯೊ ಇರುವವರಿಗೆ ಎಲೆವಾನ್ ಎಂಬ ಮೆನುವೇ ಇದೆ. ಎರಡು ಶೇಕಡಾ ಕೊಟ್ಟರೆ ಮುಗಿಯಿತು, ಲೆಕ್ಕ ಮಾತ್ರ ಇದೇ. ಬೇರೆ ಮಿಕ್ಸ್‌ಗಳಿಗೆ ಅದರಲ್ಲಿ ಮೂರೇ ಜಾಗ. ಮಾಸ್ಟರ್ (ಆಜ್ಞೆ ಕೊಡುವ ಚಾನೆಲ್), ಸ್ಲೇವ್ (ಅದನ್ನು ಅನುಸರಿಸುವ ಚಾನೆಲ್) ಆರಿಸಿ ಎರಡೂ ದಿಕ್ಕಿಗೆ ಬೇರೆ ಬೇರೆ ಅಂಕಿ ಕೊಡಬಹುದು.

ಇನ್ನು ಮೇಲ್ರೆಕ್ಕೆಯ ಟ್ರೇನರ್. ಫ್ಲ್ಯಾಪ್ ಇಳಿಸಿದೊಡನೆ ಮೂತಿ ಎತ್ತುತ್ತದೆ, ಅದಕ್ಕೆ ಎಲಿವೇಟರ್ ಸ್ವಲ್ಪ ಕೆಳಗೆ ಬರಬೇಕು. ಫ್ಲ್ಯಾಪ್ ಚಾನೆಲ್ 6ಕ್ಕೆ ಮೂರು ಹಂತದ ಸ್ವಿಚ್ ಕೊಟ್ಟು, ಚಲನೆ ನಿಧಾನ ಮಾಡುವ ಸ್ಲೋ ಎರಡೂ ಕಡೆ 2 ಸೆಕೆಂಡ್ ಇಡುತ್ತೇನೆ. ಎಲಿವೇಟರ್ ಚಾನೆಲ್ಲಿನಲ್ಲಿ ಎರಡನೇ ಸಾಲಿಗೆ ಮೂಲವಾಗಿ ಆರಿಸಬೇಕಾದ್ದು ಸ್ವಿಚ್ ಅಲ್ಲ, ಚಾನೆಲ್ 6. ಆಗ ಫ್ಲ್ಯಾಪ್ ಎಷ್ಟು ನಿಧಾನ ಇಳಿಯುತ್ತದೋ ಎಲಿವೇಟರೂ ಅಷ್ಟೇ ನಿಧಾನ.

ಇಲ್ಲಿ ಎಡವುವುದು ಆಫ್‌ಸೆಟ್‌ನಲ್ಲಿ, ಅಂದರೆ ಕೊನೆಗೆ ಕೂಡಿಸುವ ಅಂಕಿಯಲ್ಲಿ. ಸ್ವಿಚ್ ಮೇಲಿದ್ದಾಗ ಬೆಲೆ ಸೊನ್ನೆಯಲ್ಲ, −100. ವೆಯ್ಟ್ (ಮೂಲದ ಎಷ್ಟು ಶೇಕಡಾ) 8 ಎಂದಷ್ಟೇ ಹಾಕಿದರೆ ಫ್ಲ್ಯಾಪ್ ಮಡಚಿರುವಾಗಲೇ ಎಲಿವೇಟರ್ 8ರಷ್ಟು ಮೇಲೆದ್ದಿರುತ್ತದೆ. ವೆಯ್ಟ್ 4, ಆಫ್‌ಸೆಟ್ 4 ಇಡಿ: ಮಡಚಿದಾಗ 0, ಅರ್ಧದಲ್ಲಿ 4, ಪೂರ್ತಿಯಲ್ಲಿ 8. ಥ್ರಾಟಲ್‌ನಿಂದ ಎಲಿವೇಟರ್‌ಗೆ ಮಿಕ್ಸ್ ಹಾಕುವವರಿಗೂ ಇದೇ ಲೆಕ್ಕ, ಥ್ರಾಟಲ್ ತಳದಲ್ಲಿಯೂ −100. ಅರ್ಧ ಫ್ಲ್ಯಾಪ್‌ನಲ್ಲೇ ಮೂತಿ ಹೆಚ್ಚು ಎತ್ತುವ ವಿಮಾನವಾದರೆ ನೇರ ಗೆರೆ ಬಿಟ್ಟು ಮೂರು ಬಿಂದುವಿನ ಕರ್ವ್ ಹಾಕಿ 0, 6, 8 ಆಗುವಂತೆ ಮಾಡಿಕೊಳ್ಳಿ.

ಆ ಸಾಲಿನ ಕೆಳಗೆ ಮಲ್ಟಿಪ್ಲೆಕ್ಸ್ ಎಂಬ ಆಯ್ಕೆಯಲ್ಲಿ ಆ್ಯಡ್ ಎಂದೇ ಇದೆಯೇ ನೋಡಿ. ರೀಪ್ಲೇಸ್ ಆಗಿದ್ದರೆ ಮೇಲಿನ ಸಾಲನ್ನು ಅಳಿಸಿ ತಾನೇ ಕೂರುತ್ತದೆ, ಎಲಿವೇಟರ್ ಸ್ಟಿಕ್ ಸತ್ತಂತೆ. ಸಾಲಿಗೆ ಸ್ವಿಚ್ ಬೇರೆ ಕೊಟ್ಟಿದ್ದರೆ ನೆಲದಲ್ಲಿ ಎಲ್ಲ ಸರಿಯಾಗಿ ಕಂಡು, ಇಳಿಸುವ ಹೊತ್ತಿಗೆ ಸ್ವಿಚ್ ಒತ್ತಿದಾಗ ಕೈಕೊಡುತ್ತದೆ. ಅದಕ್ಕೇ ಪ್ರತಿ ಸ್ವಿಚ್ಚಿನ ಪ್ರತಿ ಹಂತದಲ್ಲೂ ಎರಡೂ ಸ್ಟಿಕ್ಕನ್ನು ನಾಲ್ಕೂ ದಿಕ್ಕಿಗೆ ಆಡಿಸಿ ಚಾನೆಲ್ ಮಾನಿಟರ್ ನೋಡದೆ ನಾನು ಮೈದಾನಕ್ಕೆ ಹೊರಡುವುದಿಲ್ಲ.

ಏಲೆರಾನ್‌ನಿಂದ ರಡರ್‌ಗೆ ಮಿಕ್ಸ್ 25 ಸಾಕು, ಅದೂ ಸ್ವಿಚ್ಚಿನಿಂದ ಆಫ್ ಮಾಡಲು ಬರುವಂತೆ. ಆಷಾಢದ ಪಡುವಣ ಗಾಳಿ ಅಡ್ಡ ಹೊಡೆಯುವಾಗ ಏಲೆರಾನ್ ಗಾಳಿಯ ಕಡೆಗೆ, ರಡರ್ ಎದುರು ದಿಕ್ಕಿಗೆ ಕೊಟ್ಟು ಇಳಿಸಬೇಕು. ಮಿಕ್ಸ್ ಆನ್ ಇದ್ದರೆ ಅದು ನಿಮ್ಮ ಕೈಗೆ ವಿರುದ್ಧವಾಗಿ ಎಳೆಯುತ್ತದೆ. ಈ ಸಾಲಿನಲ್ಲಿ ಟ್ರಿಮ್ ಆಫ್ ಮಾಡಿ, ಇಲ್ಲದಿದ್ದರೆ ಏಲೆರಾನ್ ಟ್ರಿಮ್ ಒತ್ತಿದಾಗಲೆಲ್ಲ ರಡರೂ ಸರಿಯುತ್ತದೆ.

ಗಾಳಿಯಲ್ಲಿ ಒಮ್ಮೆಗೆ ಒಂದೇ ಮಿಕ್ಸ್ ಪರೀಕ್ಷಿಸಿ, ಎತ್ತರ 40–50 ಮೀಟರ್ ಇರಲಿ, ಬದಲಿಸುವುದು 2ರ ಲೆಕ್ಕದಲ್ಲಿ. ಮಂಡ್ಯ ಕಡೆಯಾದರೆ ಭತ್ತ ಕೊಯ್ದ ಗದ್ದೆ ಒಳ್ಳೆಯದು. ಆಳೆತ್ತರ ಕಬ್ಬಿನೊಳಗೆ ಬಿದ್ದ ವಿಮಾನ ಬಜರ್ ಇಲ್ಲದೆ ಸಿಗುವುದು ಕಷ್ಟ. ಮೈಸೂರಿನವರು ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತಲಿನ ವಲಯಗಳನ್ನು ಸರ್ಕಾರದ ಡಿಜಿಟಲ್ ಸ್ಕೈ ಡ್ರೋನ್ ನಕ್ಷೆಯಲ್ಲಿ ನೋಡಿಕೊಂಡೇ ಜಾಗ ಆರಿಸಬೇಕು. ಏಪ್ರಿಲ್ ಬಿಸಿಲಿನಲ್ಲಿ ಹಾಟ್ ಗ್ಲೂ ಮೆತ್ತಗಾಗಿ ಹಾರ್ನ್ ಅಲುಗಾಡುವುದುಂಟು. ನೆನ್ನೆ ಸರಿಯಿದ್ದ ಮಿಕ್ಸ್ ಇವತ್ತು ಕೆಟ್ಟಂತೆ ಕಂಡರೆ ಅಂಕಿ ಮುಟ್ಟುವ ಮುಂಚೆ ಹಾರ್ನ್ ಅಲ್ಲಾಡಿಸಿ ನೋಡಿ.

ಮಿಕ್ಸ್ ಬದಲಿಸಿದ ಮೇಲೆ ಫೇಲ್‌ಸೇಫ್, ಅಂದರೆ ಸಿಗ್ನಲ್ ತಪ್ಪಿದಾಗ ಸರ್ವೊ, ಮೋಟರ್ ಏನು ಮಾಡಬೇಕೆಂಬುದನ್ನು, ಮತ್ತೆ ಕೂರಿಸಬೇಕು. ಅದರಲ್ಲಿ ಉಳಿಯುವುದು ಸ್ಟಿಕ್ಕಿನ ಜಾಗವಲ್ಲ, ಚಾನೆಲ್ಲಿನ ಬೆಲೆ. ಮಿಕ್ಸ್ ಬದಲಾದರೂ ಹಳೆಯ ಬೆಲೆ ಹಾಗೇ ಇರುತ್ತದೆ. ಪ್ರೊಪೆಲರ್ ಹಾಕುವ ಮುನ್ನ ಟ್ರಾನ್ಸ್‌ಮಿಟರ್ ಆಫ್ ಮಾಡಿ, ಮೋಟರ್ ನಿಂತಿದೆಯೇ, ಎಲೆವಾನ್‌ಗಳು ರಿಫ್ಲೆಕ್ಸ್ ಜಾಗದಲ್ಲೇ ಇವೆಯೇ ನೋಡಿ.