ವಾಟರ್‌ಜೆಟ್ ಕೊಳ್ಳುವ ಮೊದಲು ನಿಮ್ಮದೇ ಪ್ಲೇಟ್ ಕಟ್ ಮಾಡಿಸಿ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಈಗ ಶೀಟ್ ಕಟಿಂಗ್ ಅಂದರೆ ಎಲ್ಲರ ಬಾಯಲ್ಲೂ ಫೈಬರ್ ಲೇಸರ್. ತೆಳು ಎಂಎಸ್ (ಮೈಲ್ಡ್ ಸ್ಟೀಲ್), ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಶೀಟಿಗೆ ಅದೇ ಸರಿ. ಭಾರಿ ಒತ್ತಡದ ನೀರಿನ ಧಾರೆಯಿಂದ ಕತ್ತರಿಸುವ ವಾಟರ್‌ಜೆಟ್ ಆ ವೇಗಕ್ಕೆ ಸಾಟಿಯಲ್ಲ. ಹಾಗಾಗಿ ಮೊದಲು ಕಳೆದ ಆರು ತಿಂಗಳ ಜಾಬ್ ಲೆಕ್ಕ ತೆಗೆದು ಕೂರಿ. ದಪ್ಪ ಅಲ್ಯೂಮಿನಿಯಂ, ತಾಮ್ರ, ರಬ್ಬರ್, ಗ್ರಾನೈಟ್, ಶಾಖ ತಗುಲಬಾರದ ಟೂಲ್ ಸ್ಟೀಲ್: ಇಂಥ ಕೆಲಸ ಎಷ್ಟು ಬಂತು? ಎಷ್ಟನ್ನು ಹೊರಗೆ ಕಳಿಸಿದಿರಿ? ವಾರಕ್ಕೆ ಒಂದೋ ಎರಡೋ ಆದರೆ ಹೊರಗೆ ಕೊಡುವುದೇ ಲಾಭ.

ಕೆಲಸ ಇದೆ ಅಂತ ಖಾತ್ರಿಯಾದರೆ ಮುಂದಿನದು ಪಂಪ್. ಮಷಿನ್‌ನ ಜೀವ ಇರುವುದೇ ಅಲ್ಲಿ. ಇಂಟೆನ್ಸಿಫೈಯರ್ ಪಂಪ್ ಹೈಡ್ರಾಲಿಕ್ ಎಣ್ಣೆಯ ಒತ್ತಡವನ್ನು ಸುಮಾರು 20 ಪಟ್ಟು ಏರಿಸಿ ನೀರಿಗೆ ಕೊಡುತ್ತದೆ. ಡೈರೆಕ್ಟ್ ಡ್ರೈವ್‌ನಲ್ಲಿ ಎಣ್ಣೆಯ ಗೊಡವೆ ಇಲ್ಲ. ಕಾರಿನ ಎಂಜಿನ್‌ನಂತೆ ಕ್ರ್ಯಾಂಕ್ ತಿರುಗಿ ಪ್ಲಂಜರ್‌ಗಳನ್ನು ತಳ್ಳುತ್ತದೆ. ಹಾಗಾಗಿ ಅಷ್ಟೇ ಕರೆಂಟಿಗೆ ಜಾಸ್ತಿ ಕೆಲಸ ಕೊಡುತ್ತದೆ. ಒಂದೇ ಹೆಡ್ (ನೀರು ಚಿಮ್ಮಿ ಕತ್ತರಿಸುವ ಭಾಗ) ಇಟ್ಟುಕೊಂಡು ದಿನಕ್ಕೊಂದು ಬಗೆಯ ಜಾಬ್ ಮಾಡುವ ಶಾಪ್‌ಗೆ ನಾನು ಹೇಳುವುದು ಡೈರೆಕ್ಟ್ ಡ್ರೈವ್. ಒಂದೇ ಪಂಪ್‌ನಿಂದ ಎರಡು ಮೂರು ಹೆಡ್ ಓಡಿಸಬೇಕು, ಅವನ್ನು ಆಗಾಗ ನಿಲ್ಲಿಸಿ ಶುರು ಮಾಡಬೇಕು ಅಂದರೆ ಇಂಟೆನ್ಸಿಫೈಯರ್ ವಾಸಿ. ನೀರಿನ ಒತ್ತಡ 60,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇದ್ದರೆ ಬಹುತೇಕ ಕೆಲಸಕ್ಕೆ ಸಾಕು. 90,000ದ ಮಷಿನ್ ಬೇಗ ಕಟ್ ಮಾಡುತ್ತದೆ ನಿಜ, ಆದರೆ ಸೀಲು, ಪೈಪುಗಳೂ ಬೇಗ ಸವೆಯುತ್ತವೆ.

ಇನ್ನು ಗಾರ್ನೆಟ್. ಲೋಹ ಕತ್ತರಿಸುವುದು ಬರೀ ನೀರಲ್ಲ, ಅದರ ಜೊತೆ ಹೋಗುವ ಈ ಕೆಂಪು ಮರಳು. ಮಷಿನ್ ಬೆಲೆ ಕೇಳಿ ಬೆಚ್ಚುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಮಿಷಕ್ಕೆ 350 ಗ್ರಾಂ ಅಂತಿಟ್ಟುಕೊಳ್ಳಿ. ಗಂಟೆಗೆ 21 ಕೆ.ಜಿ. ದಿನಕ್ಕೆ ಆರು ಗಂಟೆ ಕಟಿಂಗ್ ಆದರೆ 126 ಕೆ.ಜಿ., ಅಂದರೆ 25 ಕೆ.ಜಿ.ಯ ಐದು ಚೀಲ. ಅಷ್ಟೂ ಕೆಸರಾಗಿ ಪ್ಲೇಟ್ ಕೆಳಗಿನ ನೀರಿನ ಟ್ಯಾಂಕ್ ತಳ ಸೇರುತ್ತದೆ. ಅದನ್ನು ಎತ್ತಿ ಹಾಕಬೇಕಲ್ವಾ? ಕೆಸರು ತಾನಾಗಿ ಹೊರಬರುವ ವ್ಯವಸ್ಥೆ ಇಲ್ಲದಿದ್ದರೆ ಟ್ಯಾಂಕ್ ತುಂಬಿದಾಗಲೆಲ್ಲ ಮಷಿನ್ ನಿಲ್ಲಿಸಿ ಸಲಿಕೆ ಹಿಡಿಯಬೇಕು.

ನೀರನ್ನೂ ಮೊದಲೇ ಟೆಸ್ಟ್ ಮಾಡಿಸಿ. ನೀರು ಚಿಮ್ಮುವ ಆರಿಫಿಸ್‌ನ ತೂತು ಮಿಲಿಮೀಟರ್‌ನ ಮೂರನೇ ಒಂದು ಭಾಗದಷ್ಟು. ಬೋರ್‌ವೆಲ್‌ನ ಗಡುಸು ನೀರು ಬಿಟ್ಟರೆ ಅಲ್ಲಿ ಸುಣ್ಣ ಕಟ್ಟಿ ಜೆಟ್ ಚದುರುತ್ತದೆ. ನೀರು ಶುದ್ಧ ಮಾಡುವ ಖರ್ಚನ್ನೂ ಕೊಟೇಶನ್‌ಗೆ ಸೇರಿಸಿಕೊಳ್ಳಿ.

ಈಗ ಟ್ರಯಲ್ ಕಟ್. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಡೆಮೊಗೆ ಹೋಗುವಾಗ ನಿಮ್ಮದೇ ಪ್ಲೇಟ್, ನಿಮ್ಮದೇ ಡ್ರಾಯಿಂಗ್ ಒಯ್ಯಿರಿ. ಅವರು ಇಟ್ಟಿರುವ ಫಳಫಳ ಸ್ಯಾಂಪಲ್ ಬೇಡ. 25 ಮಿ.ಮೀ. ಎಸ್‌ಎಸ್, ಒಳಗೊಂದು ಚೂಪು ಮೂಲೆ, ಒಂದು ಸಣ್ಣ ತೂತು ಇರಲಿ. ಕಟ್ ಆದ ಮೇಲೆ ಅಂಚನ್ನು ಬೆಳಕಿಗೆ ಹಿಡಿಯಿರಿ. ಮೇಲರ್ಧ ಒಂದೇ ಸಮ ಮ್ಯಾಟ್ ಇರುತ್ತದೆ. ಕೆಳಗೆ ಹೋದಂತೆ ಗೆರೆಗಳು ಎದ್ದು, ಹೆಡ್ ಬಂದ ದಿಕ್ಕಿನ ಕಡೆಗೇ ಹಿಂದಕ್ಕೆ ಬಾಗುತ್ತವೆ. ಬಾಗು ಜಾಸ್ತಿ ಇದ್ದರೆ ವೇಗ ಜಾಸ್ತಿ ಇಟ್ಟು ಓಡಿಸಿದ್ದಾರೆ ಅಂತಲೇ ಅರ್ಥ. ತೂತಿನ ಅಳತೆಯನ್ನು ಮೇಲೂ ಕೆಳಗೂ ವರ್ನಿಯರ್‌ನಲ್ಲಿ ನೋಡಿ. ಎರಡರ ವ್ಯತ್ಯಾಸವೇ ಟೇಪರ್. ಅದು ನಿಮ್ಮ ಗಿರಾಕಿ ಒಪ್ಪುವುದಕ್ಕಿಂತ ಜಾಸ್ತಿಯಿದ್ದರೆ ಓರೆಯಾಗುವ ಹೆಡ್ ಬೇಕೇ ಬೇಕು. ಶುರುವಿನಿಂದ ಕೊನೆವರೆಗೆ ಟೈಮ್ ಹಿಡಿಯಿರಿ, ಗಾರ್ನೆಟ್ ಎಷ್ಟು ಹೋಯಿತು ಅಂತ ತೂಕ ಮಾಡಿಸಿ. ಮೂರು ಕಂಪನಿಯವರ ಹತ್ತಿರವೂ ಅದೇ ಪ್ಲೇಟ್, ಅದೇ ಡ್ರಾಯಿಂಗ್. ಒಂದು ಪೀಸಿಗೆ ಎಷ್ಟು ಬಿತ್ತು ಅಂತ ಆಮೇಲೆ ಲೆಕ್ಕ ಹಾಕಿ.

50 ಎಚ್‌ಪಿ ಪಂಪ್ ಅಂದರೆ 37 ಕಿಲೋವ್ಯಾಟ್. ನಿಮ್ಮ ಮೀಟರ್‌ನ ಮಂಜೂರಾದ ಲೋಡ್ ಅಷ್ಟು ತಡೆಯುತ್ತದಾ ನೋಡಿಕೊಳ್ಳಿ.

ಅಡ್ವಾನ್ಸ್ ಕೊಡುವ ಮುಂಚೆ ಅದೇ ಮಷಿನ್ ಎರಡು ವರ್ಷದಿಂದ ಓಡಿಸುತ್ತಿರುವ ಶಾಪ್ ಒಂದಕ್ಕೆ ಹೋಗಿ ಬನ್ನಿ. ಮಾಲೀಕರ ಜೊತೆ ಟೀ ಕುಡಿದ ಮೇಲೆ ಆಪರೇಟರ್ ಹತ್ತಿರವೂ ಒಂದು ಗಳಿಗೆ ನಿಲ್ಲಿ. ಸೀಲ್ ಹೋದರೆ ನೀವೇ ಹಾಕ್ತೀರಾ, ಇಲ್ಲ ಇಂಜಿನಿಯರ್‌ಗೆ ಕಾಯಬೇಕಾ ಅಂತ ಕೇಳಿ. ಹೋದ ಸಲ ಎಷ್ಟು ದಿನ ಕಾದರು ಅನ್ನುವುದನ್ನೂ ಕೇಳಿ ಬರೆದುಕೊಳ್ಳಿ.